ಅರೂಬಾದ ಗಾಳಿ, ಅರೂಬಾದ ಬದುಕು

ಈ ಮರಗಳೆಲ್ಲ ಒಂದೇ ದಿಕ್ಕಿಗೆ ಬಾಗಿರುವುದೇಕೆ, ಬಲ್ಲಿರಾ?

ಕೆರಿಬಿಯನ್ ಸಮುದ್ರದ ಅರೂಬಾ ದ್ವೀಪದಲ್ಲಿ,
ಈಶಾನ್ಯದಿಂದ ಅವಿರತವಾಗಿ ಬೀಸುವ ವಾಣಿಜ್ಯ ಮಾರುತವು
ದಿವಿದಿವಿ ವೃಕ್ಷಗಳನ್ನು ನೈಋತ್ಯಕ್ಕೆ ಬಾಗಿಸಿ ನಿಲ್ಲಿಸಿದೆ.

ಆ ಮಾರುತವೇ ಇಲ್ಲಿಯ ಕೈಟ್‌ಸರ್ಫಿಂಗ್ ಕ್ರೀಡೆಯ ಪ್ರಾಣ.

ಹಾಡಿಕುರಾರಿ ಕಡಲತೀರದಲ್ಲಿ,
ಪಾದಗಳಡಿ ಒಂದು ಹಲಗೆ,
ನಡುವಿಗೆ ಬಿಗಿದ ಪಟ್ಟಿ,
20 ಮೀಟರಿನಷ್ಟು ಉದ್ದದ ಹುರಿಗಳ ತುದಿಯಲ್ಲಿ ಬೃಹತ್ ಗಾಳಿಪಟ;
ಇವಿಷ್ಟನ್ನೇ ನೆಚ್ಚಿ ಸವಾರನು ನೀರಿನ ಮೇಲೆ ಧಾವಿಸುವನು.

ಗಾಡಿ ಹೊಡೆಯುವವನು ಹಗ್ಗವನ್ನು ಎಡಕ್ಕೋ ಬಲಕ್ಕೋ ಜಗ್ಗಿ
ಎತ್ತುಗಳನ್ನು ತಿರುಗಿಸುವಂತೆ,
ಈತನು ಹುರಿಗಳನ್ನು ಕಟ್ಟಿದ ಕೈಯ ದಂಡವನ್ನು ಓಲಿಸಿ
ಗಾಳಿಯ ಬಲವನ್ನೇ ತನ್ನ ದಾರಿಗೆ ತಿರುಗಿಸಿಕೊಳ್ಳುವನು.

ಆದರೆ ಎಚ್ಚರ!
ಇಲ್ಲಿ ಗಾಳಿಯು ನೆಲದಿಂದ ಕಡಲಿನತ್ತ ಬೀಸುವುದರಿಂದ,
ಅಭ್ಯಾಸವಿಲ್ಲದವನನ್ನು ಬಹುದೂರ ಒಯ್ದೀತು;
ಅಂಥವನು ಶಿಕ್ಷಕರಿಲ್ಲದೆ ನೀರಿಗಿಳಿಯಬಾರದು.

ಈ ತೀರವು ಕ್ರೀಡಾಳುಗಳದಷ್ಟೇ ಅಲ್ಲ, ಮೀನುಗಾರರದೂ ಹೌದು.
ಅವರ ಗುಡಿಸಲುಗಳು ಇಲ್ಲಿ ದಡದಲ್ಲೇ ನಿಂತಿವೆ.

ಊರೊಳಗೆ, ಮುಂಜಾನೆಯ ಹೊತ್ತು,
ಚೀಸನ್ನೋ ಮಾಂಸವನ್ನೋ ತುಂಬಿ ಕರಿದ ಬಿಸಿ ಪಾಸ್ತೇಚಿ;
ಎದುರಾದವರಿಗೆಲ್ಲ ಪಾಪಿಯಾಮೆಂತೊ ಭಾಷೆಯಲ್ಲಿ
‘ಬೊನ್ ದಿಯಾ’ ಎಂಬ ಶುಭೋದಯದ ನುಡಿ.

ರಜೆಗೆಂದು ಹೋದವರು ಕಡಲನ್ನಷ್ಟೇ ಕಂಡು ಮರಳಬಾರದು;
ನೀವೂ ಹಾಗೆಯೇ ವಂದಿಸಿ,
ಆ ಜನರ ನಡುವೆ ಕುಳಿತು, ಅವರ ಊಟವನ್ನು ಉಣ್ಣಿರಿ,
ಅವರ ಮಾತನ್ನು ಕೇಳಿರಿ.