ತೆರೆಯದ ಬುತ್ತಿ

ಬೆಳಗಿನ ಹೊತ್ತು ಕಾಡುಗೋಡಿಯ ಮೆಟ್ರೋ ನಿಲ್ದಾಣದಲ್ಲಿ ನಿಂತು ನೋಡಿರಿ. ಕೆಲಸಕ್ಕೂ ಕಾಲೇಜಿಗೂ ಹೊರಟ ತರುಣಿಯರ ಕೈಯಲ್ಲಿ ಬುತ್ತಿಗಿಂತ ಮೊದಲು ಮೊಬೈಲು ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಸರಿದುಹೋಗುವ ಸಪೂರ ಮೈಗಳನ್ನು ಕಂಡು ತಮ್ಮ ಮೈಯನ್ನು ತಾವೇ ಹಳಿದುಕೊಳ್ಳುವವರುಂಟು. ಆ ಹಳಿಕೆ ಬಲಿತು ಉಣ್ಣುವುದೇ ಭಯವಾದರೆ ಅದು ರೋಗ. ಹೃದಯ, ಮೂಳೆಗಳನ್ನು ಕೆಡಿಸಿ ಪ್ರಾಣಕ್ಕೂ ಎರವಾಗಬಲ್ಲದು.

ಇದು ಪರದೇಶದ ಕಾಯಿಲೆಯೆಂದೇ ನಾವು ನಂಬಿದ್ದೆವು. ಬೆಂಗಳೂರಿನ ಮನೋವೈದ್ಯರನ್ನು ವಿಚಾರಿಸಿದ ಸಮೀಕ್ಷೆಯೊಂದು 2012ರಲ್ಲಿ ಪ್ರಕಟವಾಯಿತು. ಉತ್ತರಿಸಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಇಂತಹ ರೋಗಿಯೊಬ್ಬರನ್ನಾದರೂ ಕಂಡಿದ್ದರು. ಬುತ್ತಿಯನ್ನು ತೆರೆಯದೆ ಮನೆಗೊಯ್ಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳನ್ನು ನಾನೂ ಹಿಂದೆ ಗದರಿಸಿದ್ದೆ. ಏಕೆಂದು ಕೇಳಲಿಲ್ಲ.

ರೋಗವನ್ನು ಮೊದಲೇ ತಡೆಯಲಾಗದೆ? ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವಂತೆ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಬಾರ್ ಟೇಲರ್ ಮತ್ತು ಸಂಗಡಿಗರು ಅಂತರ್ಜಾಲವನ್ನೇ ಬಳಸಿದರು. ‘ಸ್ಟೂಡೆಂಟ್ ಬಾಡೀಸ್’ ಎಂಬುದು ಎಂಟು ವಾರಗಳ ಪಾಠಕ್ರಮ. ಅದರಲ್ಲಿ ಓದು, ದಿನಚರಿ, ಮೇಲ್ವಿಚಾರಕರಿರುವ ಗುಂಪುಚರ್ಚೆಗಳಿದ್ದವು. ತೂಕದ ಚಿಂತೆ ಹೆಚ್ಚಿದ್ದ 480 ತರುಣಿಯರ ಮೇಲೆ ನಡೆಸಿದ ಪರೀಕ್ಷೆಯ ಫಲ 2006ರಲ್ಲಿ ಹೊರಬಂದಿತು. ಚಿಂತೆಯೇನೋ ತಗ್ಗಿತು, ಆದರೆ ಇಡೀ ಗುಂಪಿನಲ್ಲಿ ರೋಗ ತಗ್ಗಿತೆಂದು ಸಿದ್ಧವಾಗಲಿಲ್ಲ. ಮೈತೂಕ ಹೆಚ್ಚಿದ್ದವರಲ್ಲಿ ಮಾತ್ರ ಪಾಠ ಪಡೆದ ಒಬ್ಬರಿಗೂ ಎರಡು ವರ್ಷ ರೋಗ ತಗುಲಲಿಲ್ಲ. ಪಡೆಯದವರಲ್ಲಿ ನೂರಕ್ಕೆ ಸುಮಾರು 12 ಮಂದಿಗೆ ತಗುಲಿತು. ಅಲ್ಪವೆನ್ನಬಹುದು, ನನಗೆ ಹಾಗೆನಿಸದು.

ಪಾಠಕ್ರಮವು ಚಿಕಿತ್ಸೆಯಲ್ಲ. ಈಗಾಗಲೇ ನರಳುತ್ತಿರುವವರಿಗೆ ವೈದ್ಯರೇ ಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಯಲ್ಲಿ, 14416 ಸಂಖ್ಯೆಗೆ ಕರೆಮಾಡಿದರೆ, ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ದೊರೆಯುತ್ತದೆ.