ಮನೆಯ ಕಂಪ್ಯೂಟರಿಗೆ ನೆಟ್ ಬರುತ್ತಿಲ್ಲವೇ? ಗಾಬರಿ ಬೇಡ

ಇಂದು ಮನೆಯ ಇಂಟರ್‌ನೆಟ್ ನಿಂತರೆ ಅರ್ಧ ಸಂಸಾರವೇ ನಿಂತಂತಾಗುತ್ತದೆ. ಮಗಳ ವಿದ್ಯಾರ್ಥಿವೇತನದ ಅರ್ಜಿ, ಮಗನ ಪರೀಕ್ಷೆಯ ಪ್ರವೇಶಪತ್ರ, ಹೊಲದ ಪಹಣಿ, ಕರೆಂಟ್ ಬಿಲ್ಲು ಎಲ್ಲವೂ ಅದರ ಮೂಲಕವೇ ಆಗಬೇಕು. ಅರ್ಜಿಗೆ ನಾಳೆಯೇ ಕೊನೆಯ ದಿನವಾಗಿದ್ದು ಇಂದು ಸಂಜೆ ನೆಟ್ ಕೈಕೊಟ್ಟರೆ ಆ ಮನೆಯ ಪರದಾಟ ಹೇಳತೀರದು. ನಮ್ಮ ಸಂಶಿಯಂತಹ ಊರಿನವರು ಕಂಪ್ಯೂಟರನ್ನು ಹೊತ್ತುಕೊಂಡು ಹುಬ್ಬಳ್ಳಿಗೆ ಹೋಗಬೇಕು, ಇಲ್ಲವೇ ರಿಪೇರಿಯವನು ಬರುವ ತನಕ ಕಾಯಬೇಕು. ಆದರೆ ಅನೇಕ ಸಲ ದೋಷವು ಮನೆಯ ಗೃಹಿಣಿಯೇ ಕಂಡುಹಿಡಿಯಬಹುದಾದಷ್ಟು ಚಿಕ್ಕದಾಗಿರುತ್ತದೆ.

ಲಿನಕ್ಸ್ ಎಂದರೇನು?

ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಲಾಗದ ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಬದಲು ಉಬುಂಟು, ಮಿಂಟ್‌ನಂತಹ ಲಿನಕ್ಸ್ ಹಾಕಿ ಮಕ್ಕಳ ಓದಿಗೆ ಬಳಸಬಹುದು. ಕೇರಳದ ಸರಕಾರಿ ಶಾಲೆಗಳಲ್ಲಿ ಲಿನಕ್ಸ್ ಬಳಕೆಯಿದ್ದು, ಕಾಸರಗೋಡಿನ ಕನ್ನಡ ಮಕ್ಕಳೂ ಅದರಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಆದ್ದರಿಂದ ಇದು ನಮ್ಮಂಥವರಿಗಲ್ಲ ಎಂದು ಹೆದರಬೇಕಾಗಿಲ್ಲ.

ತಪ್ಪು ಎಲ್ಲಿದೆ?

"ನೆಟ್ ಬರವಲ್ದ್ರೀ ಸರ, ಕಂಪ್ಯೂಟರ್ ಕೆಟ್ಟೈತಿ" ಎಂದು ಮಕ್ಕಳ ತಾಯಂದಿರು ಹೇಳುವುದುಂಟು. ನಲ್ಲಿಯಲ್ಲಿ ನೀರು ಬರದಿದ್ದರೆ ನಾವು ನಲ್ಲಿಯನ್ನೇ ದೂರುವುದಿಲ್ಲ. ಟಾಕಿಯಲ್ಲಿ ನೀರಿದೆಯೇ, ಪೈಪು ಒಡೆದಿದೆಯೇ ಎಂದು ನೋಡುತ್ತೇವೆ. ಇಲ್ಲಿಯೂ ಹಾಗೆಯೇ. ಹೊರಗಿನ ತಂತಿ, ರೌಟರ್, ಕಂಪ್ಯೂಟರ್ ಈ ಮೂರರಲ್ಲಿ ದೋಷ ಎಲ್ಲಿದೆ ಎಂದು ಮೊದಲು ತಿಳಿಯಬೇಕು.

ಮನೆಯ ಮೊಬೈಲಿನ ಸಿಮ್ ಡೇಟಾ ಬಂದ್ ಮಾಡಿ ವೈಫೈಗೆ ಜೋಡಿಸಿ. ಮೊಬೈಲಿಗೂ ನೆಟ್ ಬರದಿದ್ದರೆ ದೋಷ ರೌಟರಿನಲ್ಲಿ ಅಥವಾ ಹೊರಗಿನ ತಂತಿಯಲ್ಲಿದೆ. ಮೊಬೈಲಿಗೆ ಬಂದು ಕಂಪ್ಯೂಟರಿಗೆ ಮಾತ್ರ ಬರದಿದ್ದರೆ ಕಂಪ್ಯೂಟರನ್ನು ನೋಡಬೇಕು.

ರೌಟರಿನ ದೀಪಗಳು

ಫೈಬರ್ ಸಂಪರ್ಕದ ಪೆಟ್ಟಿಗೆಯಲ್ಲಿ ಎಲ್‌ಓಎಸ್ ಎಂಬ ದೀಪ ಕೆಂಪಾಗಿ ಉರಿದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಇಲಿ ಕಡಿದಿರಬಹುದು, ಕಂಬದ ಬಳಿ ತುಂಡಾಗಿರಬಹುದು. ಇದನ್ನು ಕಂಪೆನಿಯವರೇ ಸರಿಪಡಿಸಬೇಕು. ಫೈಬರನ್ನು ಮಡಚಬೇಡಿ, ಅದರ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ. ಅದರೊಳಗಿನ ಲೇಸರ್ ಕಿರಣ ಕಣ್ಣಿಗೆ ಕಾಣದು, ಆದರೆ ಹಾನಿ ಮಾಡಬಲ್ಲದು.

ದೀಪ ಕೆಂಪಾಗಿರದಿದ್ದರೆ ರೌಟರನ್ನು ಆರಿಸಿ, ಅರ್ಧ ನಿಮಿಷ ಬಿಟ್ಟು ಹಚ್ಚಿ, ಮೂರು ನಿಮಿಷ ಕಾಯಿರಿ. ಹಿಂಬದಿಯ ಚಿಕ್ಕ ತೂತಿನ ರಿಸೆಟ್ ಗುಂಡಿಯನ್ನು ಮಾತ್ರ ಸೂಜಿಯಿಂದ ಒತ್ತಬಾರದು. ಕಂಪೆನಿಯವರು ತುಂಬಿದ ವಿವರಗಳೆಲ್ಲ ಅಳಿಸಿಹೋಗಬಹುದು.

ಕಂಪ್ಯೂಟರಿನ ಸರದಿ

ಮೊದಲು ತಾರೀಖು ನೋಡಿ. ಹಳೆಯ ಕಂಪ್ಯೂಟರಿನೊಳಗಿನ ನಾಣ್ಯದಂತಹ ಬ್ಯಾಟರಿ ಮುಗಿದರೆ ತಾರೀಖು ವರ್ಷಗಟ್ಟಲೆ ಹಿಂದೆ ಹೋಗುತ್ತದೆ. ಆಗ ನೆಟ್ ಇದ್ದರೂ "ಸುರಕ್ಷಿತವಲ್ಲ" ಎಂದು ಪುಟಗಳು ತೆರೆಯುವುದಿಲ್ಲ. ತಾರೀಖು ಸರಿಪಡಿಸಿ, ಬ್ಯಾಟರಿ ಬದಲಿಸಿದರೆ ಈ ತೊಂದರೆ ಮುಗಿಯುತ್ತದೆ.

ನಂತರ ಏರೋಪ್ಲೇನ್ ಮೋಡ್ ಬಂದ್ ಇದೆಯೇ ನೋಡಿ. ವೈಫೈ ಹೆಸರೇ ಕಾಣದಿದ್ದರೆ ರೌಟರಿನಿಂದ ನೇರ ಲ್ಯಾನ್ ಕೇಬಲ್ ಹಾಕಿ. ಅದರಿಂದ ನೆಟ್ ಬಂದರೆ ವೈಫೈ ಭಾಗಕ್ಕೆ ಬೇಕಾದ ಡ್ರೈವರ್ ಇಲ್ಲದಿರಬಹುದು. ಕೇಬಲ್ ಇಲ್ಲದವರು ಮೊಬೈಲನ್ನು ಚಾರ್ಜರಿನ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, ಮೊಬೈಲಿನಲ್ಲಿ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಬಹುದು. ಕೊನೆಯ ದಿನದ ಅರ್ಜಿಗೆ ಇದೇ ಆಪತ್ಕಾಲದ ನೆಂಟ. ಅದೇ ನೆಟ್‌ನಿಂದ ಮಿಂಟ್‌ನ ಡ್ರೈವರ್ ಮ್ಯಾನೇಜರ್‌ನಲ್ಲಿ ಅಥವಾ ಉಬುಂಟುವಿನ ಅಡಿಷನಲ್ ಡ್ರೈವರ್ಸ್‌ನಲ್ಲಿ ಡ್ರೈವರ್ ಹುಡುಕಿ ಹಾಕಿಕೊಳ್ಳಬಹುದು.

ಸಂಪರ್ಕವಿದೆ ಎಂದು ತೋರಿಸಿಯೂ ಪುಟ ತೆರೆಯದಿದ್ದರೆ ಟರ್ಮಿನಲ್ ತೆರೆದು ಮೂರು ಪರೀಕ್ಷೆ ಮಾಡಿ. ಪಿಂಗ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ರೌಟರಿನ ವಿಳಾಸ ಬರೆಯಿರಿ. ಅನೇಕ ಮನೆಗಳಲ್ಲಿ ಅದು 192.168.1.1. ನೆಟ್‌ವರ್ಕ್ ಸೆಟ್ಟಿಂಗ್‌ನ ಡೀಫಾಲ್ಟ್ ರೂಟ್ ಎಂಬಲ್ಲಿ ನಿಮ್ಮದು ಸಿಗುತ್ತದೆ. ಉತ್ತರದ ಸಾಲುಗಳು ಬಂದರೆ ರೌಟರ್ ತನಕ ದಾರಿ ಸರಿಯಿದೆ. ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿ ನಿಲ್ಲಿಸಿ. ಆಮೇಲೆ 8.8.8.8 ಬರೆದು ನೋಡಿ. ಇದಕ್ಕೂ ಉತ್ತರ ಬಂದರೆ ಹೊರಗಿನ ದಾರಿಯೂ ಸರಿ. ಕೊನೆಗೆ ಯಾವುದಾದರೂ ಪ್ರಸಿದ್ಧ ಜಾಲತಾಣದ ಹೆಸರು ಬರೆಯಿರಿ. "ಹೆಸರು ಗೊತ್ತಿಲ್ಲ" ಎಂಬರ್ಥದ ಉತ್ತರ ಬಂದರೆ ದೋಷ ಡಿಎನ್‌ಎಸ್‌ನದು, ಅಂದರೆ ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸುವ ವ್ಯವಸ್ಥೆಯದು. ಐಪಿವಿ4 ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗದಲ್ಲಿ 8.8.8.8 ಎಂದು ತುಂಬಿ, ಸಂಪರ್ಕವನ್ನು ಒಮ್ಮೆ ಆರಿಸಿ ಹಚ್ಚಿರಿ.

ಮೋಸ ಹೋಗದಿರಿ

ಕಂಪೆನಿಯ ದೂರು ಸಂಖ್ಯೆಯನ್ನು ಗಡಿಬಿಡಿಯಲ್ಲಿ ಮೊಬೈಲಿನಲ್ಲಿ ಹುಡುಕಬೇಡಿ. ಅಲ್ಲಿ ಕಳ್ಳರು ಹಾಕಿದ ಸುಳ್ಳು ಸಂಖ್ಯೆಗಳೂ ಇರುತ್ತವೆ. ಬಿಲ್ಲಿನ ಮೇಲಿರುವ ಸಂಖ್ಯೆಯನ್ನೇ ನಂಬಿ. ನೆಟ್ ಸರಿಪಡಿಸಲು ಯಾರಿಗೂ ಓಟಿಪಿ ಬೇಕಾಗುವುದಿಲ್ಲ, ಬ್ಯಾಂಕಿನ ವಿವರ ಬೇಕಾಗುವುದಿಲ್ಲ. ಪರದೆಯನ್ನು ದೂರದಿಂದ ನೋಡುವ ಆ್ಯಪ್ ಹಾಕಿಕೊಳ್ಳಿ ಎಂದು ಅಪರಿಚಿತರು ಹೇಳಿದರೆ ಫೋನ್ ಇಟ್ಟುಬಿಡಿ.

ಸಹೋದರಿಯರೇ, ಗ್ರಾಹಕ ಸಂಖ್ಯೆ, ದೂರು ಸಂಖ್ಯೆ ಮತ್ತು ರೌಟರಿನ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಇಂದೇ ಕಪಾಟಿನೊಳಗೆ ಅಂಟಿಸಿರಿ. ಈ ಪರೀಕ್ಷೆಗಳನ್ನು ನೆಟ್ ಸರಿಯಿರುವಾಗಲೇ ಹೆಣ್ಣುಮಕ್ಕಳಿಂದ ಒಮ್ಮೆ ಮಾಡಿಸಿರಿ. ಮನೆಯ ಗಂಡಸರು ದೂರದ ಊರಿನಲ್ಲಿ ದುಡಿಯುತ್ತಿರುವಾಗ ಮಗಳ ಅರ್ಜಿ ಒಂದು ಸಡಿಲಾದ ಕೇಬಲಿನ ಕಾರಣಕ್ಕೆ ತಪ್ಪಿಹೋಗಬಾರದಲ್ಲವೇ?