ಹಚ್ಚೆ ಹಾಕಿಸುವ ಮುನ್ನ ಸೂಜಿ ನೋಡಿ

ರಜೆಗೆ ಊರಿಗೆ ಹೋದ ಹುಡುಗರು ಕೈಮೇಲೆ ಅಮ್ಮನ ಹೆಸರೋ ಮಗುವಿನ ಹೆಸರೋ ಟ್ಯಾಟೂ ಹಾಕಿಸಿಕೊಂಡು ಬರುವುದು ಈಗ ಸಾಮಾನ್ಯ. ಮನೆಯಿಂದ ದೂರ ಇರುವವರಿಗೆ ಅದೊಂದು ಸಮಾಧಾನ. ಇದು ಹೊಸ ಫ್ಯಾಷನ್ ಅಂತ ಬೈಯುವವರು ಊರಿನ ಅಜ್ಜಿಯಂದಿರ ಮುಂಗೈ ಒಮ್ಮೆ ನೆನಪಿಸಿಕೊಳ್ಳಬೇಕು.

ನಮ್ಮ ಹಳ್ಳಿಗಳಲ್ಲಿ ಕೊರವಂಜಿಯರು ಮನೆಬಾಗಿಲಿಗೆ ಬಂದು ಹಚ್ಚೆ ಹಾಕುತ್ತಿದ್ದರು. ದೀಪದ ಕಪ್ಪಿಗೆ ಸೊಪ್ಪಿನ ರಸ ಬೆರೆಸಿ ಚುಕ್ಕಿ, ರಂಗೋಲಿ, ಚೇಳು ಬರೆದು ಸೂಜಿಯಿಂದ ಚುಚ್ಚುತ್ತಿದ್ದರು. ಚರ್ಮದಡಿ ಸೇರಿದ ಕಪ್ಪು ಹೊರಗೆ ಹಸಿರು-ನೀಲಿಯಾಗಿ ಕಾಣುತ್ತೆ. ತಮಿಳಿನಲ್ಲೂ ಇದಕ್ಕೆ ಹಸಿರಿನ ಹೆಸರೇ, ‘ಪಚ್ಚೈ ಕುತ್ತು’. ಸತ್ತಾಗ ಒಡವೆ ಕಳಚ್ತಾರೆ, ಹಚ್ಚೆ ಮಾತ್ರ ಜೊತೆಗೆ ಬರುತ್ತೆ ಅನ್ನೋದು ಹಿರಿಯರ ನಂಬಿಕೆ.

ಇಂದಿನ ಟ್ಯಾಟೂ ಕೂಡ ಅದೇ ಕೆಲಸ. ಕೈ ಬದಲು ಯಂತ್ರ ಚುಚ್ಚುತ್ತದೆ, ಅಷ್ಟೇ. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ 1891ರಲ್ಲಿ ವಿದ್ಯುತ್ ಟ್ಯಾಟೂ ಯಂತ್ರಕ್ಕೆ ಪೇಟೆಂಟ್ ಪಡೆದರು. ಸೂಜಿ ಸುಮಾರು 1ರಿಂದ 2 ಮಿಲಿಮೀಟರ್ ಆಳಕ್ಕೆ ಇಳಿದು ಶಾಯಿ ಬಿಡುತ್ತದೆ. ಅಲ್ಲಿನ ಜೀವಕೋಶಗಳು ಅದನ್ನು ನುಂಗಿ ಹಿಡಿದಿಟ್ಟುಕೊಳ್ಳುವುದರಿಂದ ಚಿತ್ರ ಅಳಿಯುವುದಿಲ್ಲ.

ಗಲ್ಫ್‌ಗೆ ಬರುವವರು ಗಮನಿಸಬೇಕಾದದ್ದು ಇಲ್ಲೇ ಇದೆ. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಹರಡಬಹುದು. ಊರಿನಿಂದ ಹೊಸ ವೀಸಾದಲ್ಲಿ ಹೊರಡುವವರ ಗಲ್ಫ್ ಮೆಡಿಕಲ್‌ನಲ್ಲಿ ಈ ಮೂರನ್ನೂ ನೋಡ್ತಾರೆ. ಪಾಸಿಟಿವ್ ಬಂದರೆ ‘ಅನ್‌ಫಿಟ್’. ಅಲ್ಲಿಗೆ ಏಜೆಂಟ್‌ಗೆ ಕಟ್ಟಿದ ದುಡ್ಡು, ಮಾಡಿದ ಸಾಲ, ಕಾಯ್ತಿದ್ದ ಕೆಲಸ ಎಲ್ಲಾ ನೀರುಪಾಲು. ಜಾತ್ರೆಯಲ್ಲಿ ಕಮ್ಮಿ ರೇಟಿಗೆ ಹಾಕಿಸಿದ ಹೆಸರು ಎಷ್ಟು ದುಬಾರಿ ಆಗಬಹುದು ಲೆಕ್ಕ ಹಾಕಿ.

ಹಾಕಿಸಲೇಬೇಕು ಅಂದರೆ ಇಷ್ಟು ನೋಡಿ. ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು. ಶಾಯಿಯನ್ನು ಹೊಸ ಚಿಕ್ಕ ಕಪ್ಪಿಗೆ ಬಗ್ಗಿಸಿಕೊಳ್ಳಬೇಕು, ಉಳಿದದ್ದು ಚೆಲ್ಲಬೇಕು. ಗ್ಲೌಸ್ ಹೊಸದಿರಬೇಕು. ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಸಿಗೆ ಇಲ್ಲ. ಸೋಂಕು ತಗುಲಿದ ಮರುದಿನವೇ ರಕ್ತಪರೀಕ್ಷೆಯಲ್ಲಿ ಕಾಣುವುದಿಲ್ಲ, ವಾರಗಳು ಬೇಕು. ಭಾರತದಲ್ಲಿ ಟ್ಯಾಟೂ ಹಾಕಿಸಿದ ಮೇಲೆ 12 ತಿಂಗಳು ರಕ್ತದಾನ ಮಾಡುವಂತಿಲ್ಲ. ಇಲ್ಲಿನ ಸಂಘಗಳ ರಕ್ತದಾನ ಶಿಬಿರಕ್ಕೆ ಹೋದಾಗಲೂ ವಿಷಯ ಮುಚ್ಚಿಡಬೇಡಿ.

ಕೆಲಸದ ಮಾತೂ ಇದೆ. ಕೆಲವು ವಿಮಾನ ಸಂಸ್ಥೆ, ಹೋಟೆಲ್‌ಗಳು ಯೂನಿಫಾರ್ಮ್ ಹೊರಗೆ ಕಾಣುವ ಟ್ಯಾಟೂ ಒಪ್ಪುವುದಿಲ್ಲ. ಲೇಸರ್‌ನಿಂದ ತೆಗೆಸಬಹುದು, ಆದರೆ ಅದಕ್ಕೆ ಹಲವು ಸಲ ಹೋಗಬೇಕು, ಖರ್ಚು ಹಾಕಿಸಿದ್ದಕ್ಕಿಂತ ಹೆಚ್ಚು.

ಧರ್ಮದ ಕಾರಣಕ್ಕೆ ಹಚ್ಚೆ ಬೇಡ ಎನ್ನುವವರಿಗೆ ಮದರಂಗಿ ಇದೆ. ಯುಎಇ, ಸೌದಿ, ಒಮಾನ್ ಸೇರಿ ಅರಬ್ ದೇಶಗಳ ಹೆನ್ನಾ ಸಂಪ್ರದಾಯ 2024ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿ ಸೇರಿದೆ. ಆದರೆ ‘ಕಪ್ಪು ಮೆಹೆಂದಿ’ ಬೇಡ. ಬೇಗ ಕಪ್ಪಾಗಲೆಂದು ಅದಕ್ಕೆ ಕೂದಲಿನ ಬಣ್ಣದ ರಾಸಾಯನಿಕ ಪಿಪಿಡಿ ಬೆರೆಸಿರುತ್ತಾರೆ. ಮಕ್ಕಳ ಕೈಯಲ್ಲಿ ಬೊಬ್ಬೆ ಎದ್ದು ಕಲೆ ಉಳಿಯಬಹುದು. ಅಪ್ಪಟ ಮದರಂಗಿ ಕೆಂಪು-ಕಂದು ಬಣ್ಣವೇ ಬಿಡೋದು.